ಹತ್ತು ಸಲ ಒತ್ತಿದರೆ ಸೇವ್ ಆಗುವ ಇನ್ವಾಯ್ಸ್

ವ್ಯವಹಾರ ತಂತ್ರಾಂಶದ ಒರಾಕಲ್ ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸಿದ ಮರುದಿನ ಬೆಳಿಗ್ಗೆಯೇ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. ಹೊಸ ಇನ್ವಾಯ್ಸ್ ಸೇವ್ ಮಾಡಲು ಹೋದರೆ ‘ಈ ದಾಖಲೆ ಈಗಾಗಲೇ ಇದೆ’ ಎಂಬ ಸಂದೇಶ ಬರುತ್ತಿತ್ತು. ನಾನು ಆ ಮಾತನ್ನು ನಂಬಿ ಎರಡು ಗಂಟೆ ಇನ್ವಾಯ್ಸ್ ಟೇಬಲ್‌ನಲ್ಲೇ ಹುಡುಕಿದೆ. ಒಂದೇ ಸಂಖ್ಯೆಯ ಎರಡು ದಾಖಲೆಗಳು ಎಲ್ಲಿಯೂ ಇರಲಿಲ್ಲ.

ಕೊನೆಗೆ ಕರೆ ಮಾಡಿದವರ ಮೇಜಿನ ಬಳಿಗೇ ಹೋದೆ. “ಸರ್, ಬಿಡದೆ ಒತ್ತುತ್ತಾ ಇದ್ದರೆ ಒಮ್ಮೊಮ್ಮೆ ಸೇವ್ ಆಗುತ್ತೆ, ನೋಡಿ” ಎಂದು ಅವರು ಒತ್ತಿ ತೋರಿಸಿದರು. ಏಳನೆಯ ಸಲ ನಿಜವಾಗಿಯೂ ಸೇವ್ ಆಯಿತು. ನೆಟ್‌ವರ್ಕ್ ತೊಂದರೆ ಇರಬಹುದೆಂದು ಪಕ್ಕದವರು ಹೇಳಿದರೂ ನನಗೆ ಒಪ್ಪಿಗೆಯಾಗಲಿಲ್ಲ. ನೆಟ್‌ವರ್ಕ್ ಕೈಕೊಟ್ಟರೆ ಸಂಪರ್ಕ ಕಡಿದುಹೋಗುತ್ತದೆಯೇ ಹೊರತು ದಾಖಲೆ ಇದೆಯೆಂದು ಡೇಟಾಬೇಸ್ ಹೇಳುವುದಿಲ್ಲ.

ಆಗ ಸರ್ವರ್‌ನ ಲಾಗ್, ಅಂದರೆ ದೋಷಗಳು ದಾಖಲಾಗುವ ಕಡತ, ತೆರೆದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಪರದೆಯ ಮೇಲೆ ಒಂದೇ ವಾಕ್ಯವಾಗಿ ಕಂಡದ್ದು ಅಲ್ಲಿ ಮೂರು ಸಾಲುಗಳಾಗಿತ್ತು. ಮೊದಲನೆಯದು ಓರಾ-00001, ಅಂದರೆ ಒಂದೇ ಮೌಲ್ಯ ಎರಡು ಸಲ ಬರಬಾರದೆನ್ನುವ ನಿಯಮವಾದ ಯೂನಿಕ್ ಕನ್‌ಸ್ಟ್ರೇಂಟ್ ಮುರಿದಿದೆ ಎಂಬುದು. ಎರಡನೆಯದು ಓರಾ-06512, ದೋಷ ಹುಟ್ಟಿದ ಕೋಡ್‌ನ ಸಾಲನ್ನು ತಿಳಿಸುವಂಥದು. ಮೂರನೆಯದು ಓರಾ-04088, ಟ್ರಿಗ್ಗರ್, ಅಂದರೆ ಟೇಬಲ್ ಬದಲಾದಾಗ ತಾನಾಗಿಯೇ ಓಡುವ ಕೋಡ್, ನಡೆಯುವಾಗ ದೋಷ ಸಂಭವಿಸಿದೆ ಎಂಬುದು. ಮುರಿದ ಕನ್‌ಸ್ಟ್ರೇಂಟ್‌ನ ಹೆಸರು ಸಿಸ್_ಸಿ0012874 ಎಂದಿತ್ತು. ಟೇಬಲ್ ರಚಿಸುವವರು ಹೆಸರು ಕೊಡದಿದ್ದಾಗ ಒರಾಕಲ್ ತಾನೇ ಇಡುವ ಇಂಥ ಹೆಸರಿನಿಂದ ಏನೂ ತಿಳಿಯುವುದಿಲ್ಲ. 23ಎಐ ಆವೃತ್ತಿಯಿಂದ ಇದೇ ಸಂದೇಶದಲ್ಲಿ ಟೇಬಲ್ ಮತ್ತು ಕಾಲಂನ ಹೆಸರೂ ಬರುತ್ತದೆ, ಆದರೆ ನಮ್ಮದು ಹಳೆಯ ಆವೃತ್ತಿ. ಎಲ್ಲ ಕನ್‌ಸ್ಟ್ರೇಂಟ್‌ಗಳ ಪಟ್ಟಿಯಿರುವ ಡಿಬಿಎ_ಕನ್‌ಸ್ಟ್ರೇಂಟ್ಸ್‌ನಲ್ಲಿ ಹುಡುಕಿದಾಗ ಅದು ಇನ್ವಾಯ್ಸ್ ಟೇಬಲ್‌ನದೇ ಅಲ್ಲ, ಪ್ರತಿ ಬದಲಾವಣೆಯನ್ನೂ ಟ್ರಿಗ್ಗರ್ ಮೂಲಕ ಬರೆದಿಡುವ ಹಿಸ್ಟರಿ ಟೇಬಲ್‌ನದು ಎಂದು ಗೊತ್ತಾಯಿತು.

ಹಿಸ್ಟರಿ ಟೇಬಲ್‌ನ ಅತಿ ದೊಡ್ಡ ಐಡಿ 48,620 ಆಗಿತ್ತು. ಒಂದರ ನಂತರ ಒಂದರಂತೆ ಹೊಸ ಐಡಿ ಕೊಡುವ ಸೀಕ್ವೆನ್ಸ್ ಮಾತ್ರ ಇನ್ನೂ 42,118ರಲ್ಲಿತ್ತು. ಸ್ಥಳಾಂತರವನ್ನು ನಾವು ಎರಡು ಹಂತದಲ್ಲಿ ಮಾಡಿದ್ದೆವು. ಮೊದಲ ಹಂತದಲ್ಲಿ ಸೀಕ್ವೆನ್ಸ್ ಸಮೇತ ಎಲ್ಲವೂ ಬಂದಿತ್ತು. ಆಮೇಲಿನ ದಿನಗಳ ದಾಖಲೆಗಳನ್ನು ಸ್ಕ್ರಿಪ್ಟ್ ಬರೆದು ತಂದಾಗ ಹಳೆಯ ಐಡಿಗಳೇ ಬಂದವು, ಸೀಕ್ವೆನ್ಸ್ ನಿಂತಲ್ಲೇ ನಿಂತಿತು. ಹಾಗಾಗಿ ಆಗಲೇ ಬಳಕೆಯಾದ ಐಡಿಗಳನ್ನೇ ಅದು ಮತ್ತೆ ಕೊಡುತ್ತಿತ್ತು. ಇನ್ವಾಯ್ಸ್ ಸಂಖ್ಯೆಯ ನಡುವೆ ಖಾಲಿ ಬಿಡುವಂತಿಲ್ಲವಾದ್ದರಿಂದ ಅದನ್ನು ಬೇರೊಂದು ಟೇಬಲ್‌ನಿಂದ ಪಡೆಯುತ್ತಿದ್ದೆವು, ಹಾಗಾಗಿ ಅಲ್ಲಿ ತೊಂದರೆಯೇ ಇರಲಿಲ್ಲ.

ಬಿಡದೆ ಒತ್ತಿದರೆ ಸೇವ್ ಆಗುತ್ತಿದ್ದುದರ ಕಾರಣವೂ ಆಗ ಹೊಳೆಯಿತು. ಸೀಕ್ವೆನ್ಸ್ ಒಮ್ಮೆ ಕೊಟ್ಟ ಸಂಖ್ಯೆಯನ್ನು, ವಹಿವಾಟು ವಿಫಲವಾಗಿ ಉಳಿದೆಲ್ಲ ಹಿಂದಿರುಗಿದರೂ, ವಾಪಸ್ ಪಡೆಯುವುದಿಲ್ಲ. ಪ್ರತಿ ವಿಫಲ ಪ್ರಯತ್ನವೂ ಅದನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತಿತ್ತು. ಹಿಂದೆಂದೋ ಬಳಕೆಯಾಗದೆ ಖಾಲಿ ಉಳಿದ ಐಡಿಯೊಂದು ಸಿಕ್ಕಾಗ ಇನ್ವಾಯ್ಸ್ ಸೇವ್ ಆಗುತ್ತಿತ್ತು. ಲೆಕ್ಕಪತ್ರ ವಿಭಾಗದವರು ಹೇಳಿದ ಆ ಒಂದು ಮಾತು ನನ್ನ ಎರಡು ಗಂಟೆಯ ಹುಡುಕಾಟಕ್ಕಿಂತ ಹೆಚ್ಚು ತಿಳಿಸಿತ್ತು, ಅದನ್ನು ಅವರಿಗೆ ಹೇಳಿಯೂ ಹೇಳಿದೆ.

ಊಟದ ವೇಳೆಗೆ ಎಲ್ಲರನ್ನೂ ಲಾಗ್ ಔಟ್ ಮಾಡಿಸಿ, ಸೀಕ್ವೆನ್ಸ್‌ನ ಪ್ರತಿ ಸಲದ ಏರಿಕೆಯನ್ನು 7,000ಕ್ಕೆ ಬದಲಿಸಿ, ಒಂದು ಸಂಖ್ಯೆ ತೆಗೆದು ಅದನ್ನು 48,620ರ ಆಚೆಗೆ ದಾಟಿಸಿ, ಏರಿಕೆಯನ್ನು ಮತ್ತೆ 1ಕ್ಕೆ ತಂದೆ. ಮೊದಲ ಒತ್ತಿಗೇ ಇನ್ವಾಯ್ಸ್ ಸೇವ್ ಆಯಿತು. ಅನಂತರ ಎಲ್ಲ ಸೀಕ್ವೆನ್ಸ್‌ಗಳನ್ನೂ ಆಯಾ ಟೇಬಲ್‌ನ ಗರಿಷ್ಠ ಐಡಿಯೊಂದಿಗೆ ಹೋಲಿಸಿ ನೋಡಿದಾಗ ಇನ್ನೆರಡು ಹಿಂದೆ ಬಿದ್ದಿದ್ದವು. ಅವುಗಳಲ್ಲಿ ಒಂದು ಸವಕಳಿ ಲೆಕ್ಕದ್ದು. ತಿಂಗಳ ಕೊನೆಯ ರಾತ್ರಿಯವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.