ಕುರ್ಚಿ, ಮುತ್ಯಾಗಳು ಮತ್ತು ಬಿಗಿಹಿಡಿದ ಉಸಿರು

ಕೊನೆಗೂ ದಾರಿ ಸಿಕ್ತು! ಕಲಬುರಗಿಯ ನಮ್ಮ ಓಣಿಯ ಹಿರಿಯರಿಗೆ ನಾನು ವ್ಯಾಯಾಮ ಮಾಡಿಸೋ ಗುಂಪಿನಲ್ಲಿ ಬೇಸಿಗೆಯಿಂದ ಕಾಡ್ತಿದ್ದ ತಕರಾರು ಈ ವಾರ ಬಗೆಹರೀತು. ಡಾಕ್ಟರ ಒಪ್ಪಿಗೆ, ಬಿಪಿ ಬರೆದಿಡೋದು, ವಾರ್ಮ್‌ಅಪ್ ಎಲ್ಲಾ ನಿಮಗೆ ಗೊತ್ತಿದ್ದದ್ದೇ, ಬಿಡ್ತೀನಿ.

ಕುರ್ಚಿಯಿಂದ ಎದ್ದು ಕೂಡೋ ವ್ಯಾಯಾಮದಲ್ಲಿ ಏಳುವಾಗ ಎಲ್ಲರೂ ಉಸಿರು ಬಿಗಿಹಿಡೀತಿದ್ರು. ಹಾಗೆ ಹಿಡಿದ್ರೆ ಎದೆಯೊಳಗೆ ಒತ್ತಡ ಹೆಚ್ಚಿ ಬಿಪಿ ಗಕ್ಕನೆ ಏರ್ತದೆ, ಬಿಟ್ಟ ಮೇಲೆ ಇಳಿದು ತಲೆ ಗಿರ್ರಂತದೆ. ಬಿಪಿ ಗುಳಿಗೆ ನುಂಗೋರಿಗೆ ಇದು ಬೇಡವೇ ಬೇಡ. "ಏಳುವಾಗ ಉಸಿರು ಬಿಡ್ರಿ" ಅಂದೆ, ಕೂಡುವಾಗ ಬಿಟ್ರು. ಜೋರಾಗಿ ಎಣಿಸ್ರಿ ಅಂದ್ರೆ ಪಂದ್ಯ ಶುರುವಾಯ್ತು, ಒಬ್ಬ ಮುತ್ಯಾ (ಅಜ್ಜ) ಏಳದೇನೇ ಹತ್ತು ಮುಟ್ಟಿದ. ಪೀಪಿ ಊದಿಸಿದೆ, ಮೊಮ್ಮಕ್ಕಳು ಕಸಿದುಕೊಂಡು ಓಡಿದ್ರು.

ಮೊನ್ನೆ ಗೌಡ್ರು ತಡವಾಗಿ ಬಂದ್ರು. ಕೂತಿದ್ದ ಮುತ್ಯಾ "ಶರಣ್ರೀ ಗೌಡ್ರ" ಅಂತ ಎದ್ದು ನಿಂತ. ಬಾಯಿ ತೆರೆದಿತ್ತು, ಉಸಿರು ಹೊರಗೆ ಬರ್ತಿತ್ತು! ಮಾತಾಡ್ತಾ ಉಸಿರು ಹಿಡಿಯೋದು ಯಾರಿಗೆ ಸಾಧ್ಯ? ಈಗ ಕುರ್ಚಿಗಳನ್ನ ಎದುರುಬದುರು ಎರಡು ಸಾಲು ಹಾಕಿದ್ದೀನಿ. ಎದ್ದಾಗಲೆಲ್ಲ ಎದುರಿನವರಿಗೆ ಶರಣು, ಮೊಣಕಾಲು ನೆಟ್ಟಗಾಗೋ ತನಕ 'ರೀ' ಎಳೀಬೇಕು. ಚಾಚಾ 'ಸಲಾಂ ಅಲೈಕುಂ' ಅಂತಾರೆ, ಅದೂ ಸಾಕಷ್ಟು ಉದ್ದ. ಒಬ್ಬ ಆಯಿ ಮಾತ್ರ "ಅಕಿ ಕೂಡ ನಾ ಮಾತೇ ಬಿಟ್ಟೀನಿ, ಶರಣು ಹ್ಯಾಂಗ ಹೇಳ್ಲಿ?" ಅಂದಳು. ಕುರ್ಚಿ ಬದಲಿಸಿದೆ.

ಇನ್ನು ಕಾಲಿಗೆ ಕಟ್ಟೋ ತೂಕದ ಚೀಲ. ಆನ್‌ಲೈನ್‌ನಲ್ಲಿ ತರಿಸಿದ್ದರ ಮೇಲೆ ಒಂದು ಕಿಲೋ ಅಂತ ಛಾಪಿಸಿದ್ದಾರೆ, ಕಿರಾಣಿ ತಕ್ಕಡಿ ಒಪ್ಪಲಿಲ್ಲ. ಎರಡೂ ಕಾಲಿನ ಚೀಲದ ತೂಕ ಬೇರೆ ಬೇರೆ! ಮಾರಿದವರು ಫೋನೇ ಎತ್ತಲ್ಲ. ದರ್ಜಿಗೆ ಹೇಳಿ ಮಂದ ಬಟ್ಟೆಯ ಚೀಲ ಹೊಲಿಸಿ, ಉಸುಕು ತೂಗಿ ತುಂಬಿಸ್ತೀನಿ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ನಮ್ಮೋರು ದಿನಾ ಬರ್ತೀವಿ ಅಂತ ಜಗಳಾಡ್ತಾರೆ. ನಡುವೆ ಸ್ನಾಯುಗೆ ವಿಶ್ರಾಂತಿ ಬೇಕ್ರಿ ಅಂದ್ರೆ ಕೇಳೋರ್ಯಾರು.

ಮುಂದಿನ ಕೆಲಸ ಶೇಂಗಾ ಹಿಂಡಿ, ಅಂದ್ರೆ ಶೇಂಗಾ ಚಟ್ನಿಪುಡಿ. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದ್ರೆ ಹೆಚ್ಚುಕಡಿಮೆ ಒಂದು ಚಹಾ ಚಮಚೆ, ಇರಬೇಕು. ನಮ್ಮ ಜೋಳದ ರೊಟ್ಟಿಗೆ ಉಪ್ಪು ಬೀಳೋದೇ ಅಪರೂಪ; ತಂಟೆಯೆಲ್ಲ ತಾಟಿನ ಬದಿಯ ಹಿಂಡಿ, ಉಪ್ಪಿನಕಾಯಿ, ಹಪ್ಪಳದ್ದು. ಅಂಗಡಿಯ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರ್ತದೆ, ಕಿಡ್ನಿ ತೊಂದರೆ ಇದ್ದೋರಿಗೆ ಅಪಾಯ. ಅದಕ್ಕೇ ಉಪ್ಪು ಅರ್ಧಕ್ಕೆ ಇಳಿಸಿ ಬಳ್ಳೊಳ್ಳಿ, ಜೀರಿಗೆ, ಹುಣಸೆಹುಳಿ ಏರಿಸೋ ಲೆಕ್ಕ. ರುಚಿ ನೋಡ್ಲಿಕ್ಕೆ ಮುತ್ಯಾಗಳು ಈಗಲೇ ಪಾಳಿ ಹಚ್ಚಿದ್ದಾರೆ. ಉಪ್ಪಿನ ಸುದ್ದಿ ಇನ್ನೂ ಹೇಳಿಲ್ಲ.