ಸಂಜೆಯ ಮೇಲೂ ತೊಟ್ಟಿಕ್ಕುವ ನೀರು

ಪಾವಗಡದ ಕಡೆ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರನ್ನು ಕುಡಿದು ಬೆಳೆದ ನನಗೆ, ಬಿಸಿಲಿನಲ್ಲಿಯೇ ನೀರನ್ನು ಭಟ್ಟಿ ಇಳಿಸುವ ಪೆಟ್ಟಿಗೆಯ ಬಗ್ಗೆ ಮೊದಲಿನಿಂದಲೂ ಆಸಕ್ತಿ. ಕಪ್ಪು ಬಳಿದ ತಳ, ಮೇಲೆ ಓರೆಯಾಗಿ ಹೊದಿಸಿದ ಗಾಜು, ಅದರ ಒಳಮೈಯಲ್ಲಿ ಹನಿಗಟ್ಟಿ ಜಾರುವ ಆವಿ. ಇಷ್ಟೇ ಅದರ ರಚನೆ. 1872ರಲ್ಲಿಯೇ ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ ಗಣಿಗಾರರಿಗೆ ಇದೇ ತತ್ವದ ದೊಡ್ಡ ಸ್ಥಾವರವೊಂದು ಸಿಹಿನೀರು ಒದಗಿಸುತ್ತಿತ್ತು.

ತೊಡಕಿರುವುದು ಇಳುವರಿಯಲ್ಲಿ. ಒಂದು ಚದರ ಮೀಟರಿಗೆ ದಿನಕ್ಕೆ 2ರಿಂದ 5 ಲೀಟರ್ ದೊರೆತರೆ ಹೆಚ್ಚು. ಬಿಸಿಲು ಇಳಿದಂತೆ ಅದೂ ಕ್ಷೀಣಿಸುತ್ತದೆ. ಆದ್ದರಿಂದ ತಳದ ಕೆಳಗೆ ಪ್ಯಾರಾಫಿನ್ ಮೇಣವನ್ನು ತುಂಬುವ ಉಪಾಯವಿದೆ. ಹಗಲಿನಲ್ಲಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಮೇಣವು ಸಂಜೆ ಮತ್ತೆ ಗಟ್ಟಿಯಾಗುವಾಗ, ಹೀರಿಟ್ಟುಕೊಂಡಿದ್ದ ಶಾಖವನ್ನು ನೀರಿಗೆ ಮರಳಿಸುತ್ತದೆ. ಆ ವೇಳೆಗೆ ಗಾಜು ತಣ್ಣಗಾಗಿರುವುದರಿಂದ ಆವಿ ಸುಲಭವಾಗಿ ಹನಿಯಾಗುತ್ತದೆ.

ಆದರೂ ಲೆಕ್ಕ ಹಾಕಿ ನೋಡಿದಾಗ ನನ್ನ ಉತ್ಸಾಹ ಸ್ವಲ್ಪ ತಗ್ಗಿತು. ಒಂದು ಕಿಲೋ ಮೇಣ ಕರಗುವಾಗ ಹಿಡಿದಿಡುವುದು ಸುಮಾರು 200 ಕಿಲೋಜೂಲ್. ಒಂದು ಲೀಟರ್ ನೀರು ಆವಿಯಾಗಲು ಬೇಕಾದದ್ದು ಸುಮಾರು 2,300. ಅಂದರೆ ಹತ್ತು ಕಿಲೋ ಮೇಣವೂ ಒಂದು ಲೀಟರನ್ನು ಪೂರ್ತಿ ಕೊಡಲಾರದು. ಜೊತೆಗೆ ಈ ಶಾಖವೇನೂ ಹೊಸದಲ್ಲ, ಹಗಲಿನ ಪಾಲಿನಿಂದ ತೆಗೆದಿಟ್ಟದ್ದು. ಪೆಟ್ಟಿಗೆಯ ಸುತ್ತ ಶಾಖ ಸೋರದಂತೆ ಸರಿಯಾದ ಹೊದಿಕೆಯಿಲ್ಲದಿದ್ದರೆ ಮೇಣಕ್ಕೆ ಹಾಕಿದ ಹಣ ವ್ಯರ್ಥ. ಮೇಣದೊಳಗೆ ಶಾಖ ಬಹಳ ನಿಧಾನವಾಗಿ ಹರಿಯುವುದರಿಂದ ಅದನ್ನು ಒಳಗೆಲ್ಲ ಹರಡಲು ರೆಕ್ಕೆಯಂಥ ತೆಳು ಲೋಹದ ಪಟ್ಟಿಗಳನ್ನೂ ಅಳವಡಿಸಬೇಕಾಗುತ್ತದೆ. ನಾನಂತೂ ಸದ್ಯಕ್ಕೆ ತಳದಲ್ಲಿ ಕರಿಕಲ್ಲಿನ ಜಲ್ಲಿ ಹರಡಿದ್ದೇನೆ. ಅದು ಹಿಡಿದಿಡುವ ಶಾಖ ಕಡಿಮೆಯಾದರೂ ಮೇಣದಂತೆ ಕರಗಿ ಸೋರುವ ಭಯವಿಲ್ಲ, ಖರ್ಚೂ ಇಲ್ಲ.