ಆರನೇ ಆಡಿಷನ್ ಹೊತ್ತಿಗೆ

ಜಾಹೀರಾತು, ಡಬ್ಬಿಂಗ್‌ಗೆ ದನಿ ಕೊಡುವುದು ನನ್ನ ಕೆಲಸ. ನಿನ್ನೆ ಒಂದೇ ದಿನ 6 ಆಡಿಷನ್ ರೆಕಾರ್ಡ್ ಮಾಡಿ ಕಳಿಸಿದೆ. ಎರಡು ಇನ್ಶೂರೆನ್ಸ್, ಒಂದು ಮಸಾಲೆ ಪುಡಿ, ಒಂದು ಡಬ್ಬಿಂಗ್ ಸರಣಿ, ಒಂದು ಬ್ಯಾಂಕಿನ ಐವಿಆರ್, ಅಂದ್ರೆ ಫೋನ್ ಮಾಡಿದಾಗ "ಒಂದನ್ನು ಒತ್ತಿ" ಅನ್ನುವ ರೆಕಾರ್ಡ್ ಮಾಡಿದ ದನಿ. ಕೊನೆಯದು ಪಂಪ್‌ಸೆಟ್. ಅಷ್ಟರಲ್ಲಿ ಸಂಜೆ ಐದಾಗಿತ್ತು. ಗಂಟಲು ಚೆನ್ನಾಗಿಯೇ ಇತ್ತು, ಮನಸ್ಸು ಮಾತ್ರ ಸೋತಿತ್ತು.

ಕನ್ನಡಕ್ಕೆ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿದ್ದು 2015ರಲ್ಲಿ. ಆಮೇಲೆ ನಮ್ಮಂಥವರಿಗೆ ಅವಕಾಶಗಳು ಜಾಸ್ತಿ ಆದವು. ಅದು ನನಗೆ ನಿಜವಾಗಿಯೂ ಖುಷಿಯ ವಿಷಯ. ಆದರೆ ಅವಕಾಶ ಅಂದ್ರೆ ಮೊದಲು ಆಡಿಷನ್, ಅಲ್ವಾ?

ನನ್ನ ಸ್ಟುಡಿಯೋ ಅಂದ್ರೆ ಬೆಡ್‌ರೂಮಿನ ವಾರ್ಡ್‌ರೋಬು. ಬಾಗಿಲು ತೆಗೆದು, ನೇತು ಹಾಕಿದ ಸೀರೆಗಳ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಬೆನ್ನ ಹಿಂದೆ ಹಗ್ಗದ ಮೇಲೆ ಎರಡು ರಜಾಯಿ. ದನಿ ಗೋಡೆಗೆ ಬಡಿದು ವಾಪಸ್ ಬರಬಾರದು, ಬಟ್ಟೆಯೇ ಹೀರಿಕೊಳ್ಳಬೇಕು. ಫ್ಯಾನ್ ಆಫ್. ಮೇಲಿನ ಮನೆಯವರು ದೋಸೆಗೆ ರುಬ್ಬುತ್ತಿದ್ದರೆ ಅದು ಮುಗಿಯುವ ತನಕ ಕಾಯಬೇಕು.

ಪಂಪ್‌ಸೆಟ್ಟಿನ ಸಾಲು ಇಷ್ಟೇ: "ಒಂದು ಸಲ ಹಾಕಿಸಿ, ಹತ್ತು ವರ್ಷ ನಿಶ್ಚಿಂತೆಯಿಂದಿರಿ." 14 ಟೇಕ್ ಮಾಡಿದೆ. ಹೆಡ್‌ಫೋನ್ ಹಾಕಿ ಕೇಳಿದರೆ ಹದಿನಾಲ್ಕೂ ಒಂದೇ ಥರ. ಪ್ರತಿ ಸಲವೂ "ಹತ್ತು ವರ್ಷ" ಹತ್ತಿರ ದನಿ ಮೇಲೇರುತ್ತದೆ, "ಇರಿ" ಹತ್ತಿರ ಇಳಿಯುತ್ತದೆ. ಜಾಹೀರಾತಿನ ಅದೇ ರಾಗ. "ಹಾಕಿಸಿ"ಯ "ಹ" ಕೂಡ ಸಡಿಲವಾಗಿತ್ತು. ದಣಿದಾಗ ನನ್ನ ಬಾಯಲ್ಲಿ ಮೊದಲು ಜಾರುವ ಅಕ್ಷರ ಅದು.

ಹೊರಗೆ ಬಂದು ಒಣಗಿದ ಬಟ್ಟೆ ಮಡಚಿದೆ. ಆಗ ನಮ್ಮ ಸೋದರಮಾವ ನೆನಪಾದರು. ತಿಪಟೂರಿನ ಹತ್ತಿರ ಅವರ ತೆಂಗಿನ ತೋಟ. ಎರಡು ಬೋರ್‌ವೆಲ್ ಕೈಕೊಟ್ಟಿವೆ. ಯಾರು ಏನೇ ಹೇಳಿದರೂ "ನೋಡಾನ ತಡಿಯವ್ವ" ಅನ್ನೋರು. ಈ ಸಾಲನ್ನು ಅವರಿಗೇ ಹೇಳಬೇಕಾದರೆ?

ಮತ್ತೆ ಸೀರೆಗಳ ಮುಂದೆ ನಿಂತೆ. ಅವರು ಜಗುಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಾರೆ ಅಂದುಕೊಂಡೆ. "ಮಾವ, ಇಲ್ಲಿ ಕೇಳಿ" ಅಂತ ಜೋರಾಗಿ ಹೇಳಿ, ಅದೇ ಉಸಿರಲ್ಲಿ ಸಾಲು ಹೇಳಿದೆ. ದನಿ ಮೇಲೇರಲಿಲ್ಲ. "ಹತ್ತು ವರ್ಷ" ತಾನಾಗಿ ನಿಧಾನವಾಯಿತು, ಮಾವ ತಲೆಯೆತ್ತಿ ನೋಡುವುದು ಅಲ್ಲೇ ತಾನೇ. ಎರಡನೇ ಟೇಕಿಗೇ ಸಿಕ್ಕಿತು. "ಮಾವ, ಇಲ್ಲಿ ಕೇಳಿ" ಅನ್ನೋದನ್ನು ಎಡಿಟ್‌ನಲ್ಲಿ ಕತ್ತರಿಸಿದೆ, ಅಷ್ಟೇ.

ಜೊತೆಗೆ ಇನ್ನೊಂದು ಟೇಕ್ ಸೇರಿಸಿದೆ. "ಹತ್ತು ವರ್ಷ ಯೋಚನೆ ಇಲ್ಲ" ಅಂತ. ಮಾವನ ಮುಂದೆ "ನಿಶ್ಚಿಂತೆಯಿಂದಿರಿ" ಅಂತ ಯಾರು ಮಾತಾಡ್ತಾರೆ? ಬರೆದುಕೊಟ್ಟ ಸಾಲು ಮೊದಲು, ನಮ್ಮ ಆಡುಮಾತು ಆಮೇಲೆ. ಆ ಕ್ರಮ ಮಾತ್ರ ತಪ್ಪಿಸಬಾರದು.

ಇನ್ನು ಮೇಲೆ ಒಂದು ಸಾಲಿಗೆ ಮೂರೇ ಟೇಕ್. ಆಗದಿದ್ದರೆ ಆಚೆ ಬರುತ್ತೇನೆ. ನಾಲ್ಕನೆಯದರಿಂದ ನಾನು ಸಾಲು ಹೇಳುತ್ತಿರುವುದಿಲ್ಲ, ಹಿಂದಿನ ಟೇಕನ್ನೇ ನಕಲು ಮಾಡುತ್ತಿರುತ್ತೇನೆ. ನೀರು ಬೆಳಿಗ್ಗೆಯಿಂದಲೇ ಕುಡಿಯುತ್ತಿರಬೇಕು. ಮೈಕಿನ ಮುಂದೆ ಗುಟುಕರಿಸಿದ್ದು ಬಾಯಿಗೆ ಮಾತ್ರ, ಧ್ವನಿತಂತುಗಳಿಗೆ ಅದು ನೇರವಾಗಿ ತಾಗುವುದೇ ಇಲ್ಲ. ಬಾಯಲ್ಲಿ ಚಟಚಟ ಸದ್ದು ಬಂದರೆ ಹಸಿರು ಸೇಬಿನ ಒಂದು ಹೋಳು. ಎದ್ದ ಕೂಡಲೇ ದನಿ ದಪ್ಪಗಿರುತ್ತದೆ, ಆ ಹೊತ್ತಲ್ಲಿ ಮಕ್ಕಳ ಪಾತ್ರ ಮುಟ್ಟುವುದಿಲ್ಲ.

ಎಷ್ಟೋ ಆಡಿಷನ್‌ಗಳಿಗೆ ಉತ್ತರವೇ ಬರುವುದಿಲ್ಲ. ಮೊದಲು ಸುಮ್ನೆ ದಿನಕ್ಕೆ ಹತ್ತು ಸಲ ಮೇಲ್ ತೆಗೆದು ನೋಡಿ ಬೇಜಾರಾಗುತ್ತಿದ್ದೆ. ಈಗ ಕಳಿಸಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ, ಯಾರ ಜೊತೆ ಮಾತಾಡಿದೆ ಅಂತ ಬರೆದಿಡುತ್ತೇನೆ. ಮಸಾಲೆ ಪುಡಿ: ಹೊಸದಾಗಿ ಸಂಸಾರ ಹೂಡಿದ ತಂಗಿ. ಐವಿಆರ್: ಪಾಸ್‌ಬುಕ್ ಹಿಡಿದು ನಿಂತ ಅಜ್ಜಿ. ಪಂಪ್‌ಸೆಟ್: ಮಾವ.

ಇವತ್ತು ಬೆಳಿಗ್ಗೆ ಹೊಸ ಸ್ಕ್ರಿಪ್ಟ್ ಬಂದಿದೆ, ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ. ಮಾವನೂ ಆಗಾಗ ತಪ್ಪಿಸುತ್ತಾರೆ. ಈ ಸಲ ರೆಕಾರ್ಡ್ ಮಾಡುವ ಮೊದಲು ಅವರಿಗೆ ಫೋನ್ ಮಾಡುತ್ತೇನೆ.